ಹಳೆ ಸಿನಿಮಾ ಹಾಡಿಗೆ ಇಪಿಯೋ ಎಲ್‌ಪಿಯೋ ಕ್ಯಾಸೆಟ್ಟೋ? ಎಲ್ಲವನ್ನೂ ಹಾಕಿ ಕೇಳಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ಹಳೆ ಕನ್ನಡ ಸಿನಿಮಾ ಹಾಡು ಕೇಳುವುದಾದರೆ ನನ್ನ ಆಯ್ಕೆ ಇಪಿ, ಅಂದರೆ ಎಕ್ಸ್‌ಟೆಂಡೆಡ್ ಪ್ಲೇ. ಏಳು ಇಂಚಿನ ಸಣ್ಣ ಗ್ರಾಮಫೋನ್ ಪ್ಲೇಟು, ಈಚೆ ಬದಿಗೆ ಎರಡು ಹಾಡು, ಆಚೆ ಬದಿಗೆ ಎರಡು. ಪ್ಲೇಯರ್ ಹೊಸದಾಗಿ ತಗೊಂಡವರೆಲ್ಲ ಮೊದಲು ಹುಡುಕುವುದು ದೊಡ್ಡ ಎಲ್‌ಪಿ (ಲಾಂಗ್ ಪ್ಲೇ) ಪ್ಲೇಟನ್ನೇ. ದೊಡ್ಡದಾದ್ದರಿಂದ ಶಬ್ದವೂ ಚೆನ್ನಾಗಿರುತ್ತದೆ ಅಂತ ಅವರ ಲೆಕ್ಕ. ಈ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು. ಅದೇ ಹಾಡುಗಳನ್ನು ಇಪಿಯಲ್ಲಿ, ಎಲ್‌ಪಿಯಲ್ಲಿ, ಕ್ಯಾಸೆಟ್‌ನಲ್ಲಿ, ಕೊನೆಗೆ ಫೋನ್‌ನಲ್ಲಿ, ಒಂದೇ ಆಂಪ್ಲಿಫೈಯರ್ ಒಂದೇ ಸ್ಪೀಕರ್ ಇಟ್ಟುಕೊಂಡು ಕೇಳಿ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಬದಿಯಡ್ಕದ ಹತ್ತಿರ. ಕಾಸರಗೋಡಿನ ಕಡೆ ಪ್ಲೇಟು ಇರುವ ಹಳೆ ಮನೆಗಳಲ್ಲಿ ಒಂದು ವಿಶೇಷ ಇದೆ. ಒಂದೇ ಪೆಟ್ಟಿಗೆಯಲ್ಲಿ ಕನ್ನಡವೂ ಇರುತ್ತದೆ, ಮಲಯಾಳವೂ ಇರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಪಕ್ಕದಲ್ಲಿ ಯೇಸುದಾಸ್. ಎಸ್. ಜಾನಕಿ ಅಂತೂ ಎರಡೂ ಕಡೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ಆದರೂ ಕನ್ನಡದ ಪ್ಲೇಟು ಬೇಕಾದರೆ ನಮ್ಮ ಸೋದರಮಾವ ಹೋಗುತ್ತಿದ್ದದ್ದು ಮಂಗಳೂರಿಗೇ. ಅವರು ತಂದಿಟ್ಟದ್ದರಲ್ಲಿ ಮುಕ್ಕಾಲು ಪಾಲು ಇಪಿ. ಕನ್ನಡ ಸಿನಿಮಾಗಳಿಗೆ ಆಗ ಹೆಚ್ಚಾಗಿ ಸಿಗುತ್ತಿದ್ದದ್ದೇ ಅದು.

ಇವೆಲ್ಲಕ್ಕಿಂತ ಹಳೆಯದು ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು, ಆ 78ರ ವಿಚಾರ ಬೇಗ ಮುಗಿಸುತ್ತೇನೆ. ಹತ್ತು ಇಂಚಿನ ಅರಗಿನ ಪ್ಲೇಟು, ಒಂದು ಬದಿಗೆ ಮೂರು ನಿಮಿಷದ ಆಸುಪಾಸು. ಹಾಡು ಸ್ವಲ್ಪ ಉದ್ದ ಆದರೆ ಭಾಗ ಒಂದು, ಭಾಗ ಎರಡು ಅಂತ ತುಂಡು ಮಾಡಿ ಆಚೆ ಈಚೆ ಹಾಕುತ್ತಿದ್ದರು. ಚರಣದ ಮಧ್ಯೆ ಎದ್ದು ಹೋಗಿ ಮಗುಚಿ ಹಾಕಬೇಕು. ಇದಕ್ಕೆ ದಪ್ಪ ಮುಳ್ಳೇ ಬೇಕು, ಎಲ್‌ಪಿ ಇಪಿಯ ತೆಳು ಮುಳ್ಳು ಹಾಡು ಕೊರೆದಿರುವ ಗೀರಿನ ತಳಕ್ಕೆ ಹೋಗಿ ಕರಕರ ಅನ್ನುತ್ತದೆ. ಕೈ ಜಾರಿದರೆ ಎರಡು ಹೋಳು. ಕೆಲವು ಹಾಡು 78ರಲ್ಲಿ ಮಾತ್ರ ಸಿಗುತ್ತದೆ ಅಂತ ಇಟ್ಟುಕೊಂಡಿದ್ದೇನೆ, ಅಷ್ಟೆ.

ಈಗ ಮುಖ್ಯ ಸ್ಪರ್ಧೆಗೆ ಬರೋಣ. ಅಮೆರಿಕದಲ್ಲಿ ಕೊಲಂಬಿಯಾ ಕಂಪೆನಿ 1948ರಲ್ಲಿ ಎಲ್‌ಪಿ ತಂದಿತು. ನಿಮಿಷಕ್ಕೆ 33⅓ ಸುತ್ತು, ಬದಿಗೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ. ಅದಕ್ಕೆ ಎದುರಾಗಿ ಆರ್‌ಸಿಎ ವಿಕ್ಟರ್ 1949ರಲ್ಲಿ ಏಳಿಂಚಿನ, 45 ಸುತ್ತಿನ ಪ್ಲೇಟು ತಂದಿತು, ಬದಿಗೆ ಒಂದು ಹಾಡು. ಅದೇ ಪ್ಲೇಟಿನಲ್ಲಿ ಗೀರುಗಳನ್ನು ಇನ್ನೂ ಒತ್ತೊತ್ತಾಗಿ ಕೊರೆದು ಬದಿಗೆ ಏಳೂವರೆ ನಿಮಿಷದವರೆಗೆ ಎಳೆದದ್ದು 1952ರಲ್ಲಿ. ಅದೇ ಇಪಿ. ಮೂರು ಮೂರೂವರೆ ನಿಮಿಷದ ಸಿನಿಮಾ ಹಾಡು ಬದಿಗೆ ಎರಡರಂತೆ ಸರಿಯಾಗಿ ಕೂರುತ್ತದೆ. ನಮ್ಮ ಸಿನಿಮಾದವರಿಗಾಗಿಯೇ ಅಳತೆ ತೆಗೆದು ಹೊಲಿದ ಅಂಗಿಯ ಹಾಗಿದೆ, ಅಲ್ವಾ?

ಶಬ್ದದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಪ್ಲೇಟು ತಿರುಗುವ ವೇಗ ಒಂದೇ ಆದರೂ ಮುಳ್ಳಿನ ಕೆಳಗೆ ಗೀರು ಓಡುವ ವೇಗ ಒಂದೇ ಅಲ್ಲ. ಅಂಚಿನಲ್ಲಿ ಸುತ್ತು ದೊಡ್ಡದು, ಅಲ್ಲಿ ಗೀರು ಜೋರಾಗಿ ಓಡುತ್ತದೆ. ನಡುವಿನ ಲೇಬಲ್ ಹತ್ತಿರ ಬಂದ ಹಾಗೆ ನಿಧಾನ ಆಗುತ್ತದೆ. ಲೆಕ್ಕ ಹಾಕಿದರೆ ಎಲ್‌ಪಿಯ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್, ಒಳಗಿನ ಕೊನೆಯಲ್ಲಿ ಸುಮಾರು 21. ಇಪಿಯಲ್ಲಿ ಅಂಚಿಗೆ ಸುಮಾರು 39, ಒಳಗೆ ಸುಮಾರು 25. ವೇಗ ಜಾಸ್ತಿ ಇದ್ದಷ್ಟು ಸಣ್ಣ ಸಣ್ಣ ವಿವರಕ್ಕೆ ಗೀರಿನಲ್ಲಿ ಜಾಗ ಜಾಸ್ತಿ. ಅಂದರೆ ಎಲ್‌ಪಿಯ ಮೊದಲ ಹಾಡಿನ ಎದುರು ಇಪಿ ಸೋಲುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಎಲ್‌ಪಿಯ ಕೊನೆಯ ಹಾಡಿಗಿಂತ ಇಪಿಯ ಕೊನೆಯ ಹಾಡು ಮೇಲು.

ಇದು ಬರೀ ಲೆಕ್ಕ ಅಲ್ಲ, ಕಿವಿಗೆ ಗೊತ್ತಾಗುತ್ತದೆ. ನನ್ನಲ್ಲಿ ಜಾನಕಿಯವರ ಒಂದು ಹಾಡು ಇಪಿಯಲ್ಲಿ ಎರಡನೇ ಬದಿಯ ಕೊನೆಯದು, ಆಯ್ದ ಹಾಡುಗಳ ಎಲ್‌ಪಿಯಲ್ಲಿ ಒಂದು ಬದಿಯ ಆರನೆಯದು. ಎಲ್‌ಪಿಯಲ್ಲಿ ಅವರು ತಾರಕಕ್ಕೆ ಹೋದಾಗ ‘ಸ’, ‘ಶ’ ಬರುವಲ್ಲೆಲ್ಲ ಶಬ್ದ ಸಿಡಿದ ಹಾಗೆ ಒಂದು ಉಸಿರು ಹಾರುತ್ತದೆ, ಹಿಂದಿನ ಪಿಟೀಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಪಿಯಲ್ಲಿ ಅದೇ ಜಾಗದಲ್ಲಿ ದನಿ ತುಂಬಿ ನಿಲ್ಲುತ್ತದೆ. ಪಲ್ಲವಿ ಮುಗಿದ ಮೇಲೆ ತಬಲಾ ಎತ್ತಿಕೊಳ್ಳುವ ಸಣ್ಣ ಪೆಟ್ಟು ಇದೆ, ಅದು ಎಲ್‌ಪಿಯಲ್ಲಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಆರು ಹಾಡು ಒಂದೇ ಬದಿಗೆ ತುರುಕಿದ್ದರಿಂದ ಎಲ್‌ಪಿಯ ಮಟ್ಟವೂ ತಗ್ಗು, ವಾಲ್ಯೂಮ್ ಏರಿಸಬೇಕು, ಏರಿಸಿದರೆ ಟಕ್ ಟಕ್ ಶಬ್ದವೂ ಏರುತ್ತದೆ. ಬದಿಗೆ ಒಂದೇ ಹಾಡಿರುವ 45ರ ಪ್ಲೇಟು ಇಪಿಗಿಂತ ಇನ್ನೂ ಗಟ್ಟಿಯಾಗಿ ಹಾಡುತ್ತದೆ, ಆದರೆ ಎರಡು ಹಾಡಿಗೆ ಒಂದು ಪ್ಲೇಟು ಅಂದರೆ ನನಗೆ ಸಾಲುವುದಿಲ್ಲ.

ಒಂದು ಉಪಾಯ. ಅರವತ್ತರ ದಶಕದ ಇಪಿಗಳು ಹೆಚ್ಚಾಗಿ ಮೋನೋ, ಅಂದರೆ ಎರಡೂ ಸ್ಪೀಕರಿಗೆ ಒಂದೇ ಶಬ್ದ. ನಿಮ್ಮ ಆಂಪ್ಲಿಫೈಯರ್‌ನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿ ಕೇಳಿ. ಮುಳ್ಳು ಮೇಲೆ ಕೆಳಗೆ ಕುಣಿದು ಮಾಡುವ ಗಲಾಟೆ ಎರಡೂ ಚಾನೆಲ್ ಸೇರಿದಾಗ ರದ್ದಾಗುತ್ತದೆ, ಹಾಡು ಹಾಗೇ ಉಳಿಯುತ್ತದೆ. ಹಾಳಾಗಿದೆ ಅಂತ ಬದಿಗಿಟ್ಟ ಎಷ್ಟೋ ಪ್ಲೇಟು ಇದರಿಂದ ಕೇಳುವ ಹಾಗೆ ಆಗುತ್ತದೆ.

ಇಪಿಯ ಕೊರತೆಯೂ ಇದೆ. ಸಿನಿಮಾದಲ್ಲಿ ಆರು ಹಾಡಿದ್ದರೆ ಎರಡು ಹೊರಗೆ. ಕೆಲವು ಚಿತ್ರಕ್ಕೆ ಎರಡು ಇಪಿ ಬಂದವು, ಒಂದು ಸಿಕ್ಕಿದರೆ ಇನ್ನೊಂದು ಸಿಗುವುದಿಲ್ಲ. ಸಿನಿಮಾದಲ್ಲಿ ಇದ್ದ ಚರಣವೇ ಪ್ಲೇಟಿನಲ್ಲಿ ಇಲ್ಲದ್ದೂ ಇದೆ. ಇದು ನಿಜವಾಗಿ ಬೇಸರದ ಸಂಗತಿ. ಎಲ್‌ಪಿ ಇದ್ದರೆ ಈ ಕಷ್ಟ ಇಲ್ಲ. ಆದರೂ ನಾಲ್ಕೇ ಹಾಡು ಇರುವುದರಿಂದ ನಾನು ನಾಲ್ಕನ್ನೂ ಕೇಳುತ್ತೇನೆ. ಎಲ್‌ಪಿಯಲ್ಲಿ ಹತ್ತನೇ ಹಾಡು ಬರುವಾಗ ನಾನು ಅಡಿಕೆ ಸುಲಿಯುವವರ ಹತ್ತಿರ ಮಾತಾಡುತ್ತಿರುತ್ತೇನೆ.

ಮದುವೆ, ಜಾತ್ರೆಗೆ ಮೈಕ್ ಸೆಟ್ ಹಾಕುತ್ತಿದ್ದ ನಮ್ಮೂರಿನ ಹಿರಿಯರೊಬ್ಬರನ್ನು ಈ ಬಗ್ಗೆ ಕೇಳಿದೆ. ‘ಎಲ್‌ಪಿಯಲ್ಲಿ ಗೆರೆ ಹುಡುಕಿ ಮುಳ್ಳು ಇಳಿಸಬೇಕು ಮಾರಾಯ್ರೇ. ಚಪ್ಪರದಲ್ಲಿ ಬೆಳಕು ಎಲ್ಲಿತ್ತು? ಇಪಿ ಆದರೆ ಅಂಚಿನದ್ದು ಒಂದು, ಒಳಗಿನದ್ದು ಒಂದು, ಕಣ್ಣು ಮುಚ್ಚಿ ಹಾಕಬಹುದು’ ಅಂದರು. ಜನ ಕೇಳಿದ ಹಾಡು ತಕ್ಷಣ ಹಾಕಬೇಕಾದ ಕೆಲಸಕ್ಕೆ ಇದೇ ಸರಿ.

ಇನ್ನು ಕ್ಯಾಸೆಟ್. ಫಿಲಿಪ್ಸ್ 1963ರಲ್ಲಿ ತಂದದ್ದು, ನಮ್ಮಲ್ಲಿ ಮನೆ ಮನೆಗೆ ಬಂದದ್ದು ಎಂಬತ್ತರ ದಶಕದಲ್ಲಿ. ಸಿ-60 ಅಂದರೆ ಬದಿಗೆ ಅರ್ಧ ಗಂಟೆ. ಕರೆಂಟು ಹೋದರೂ ಸೆಲ್ ಹಾಕಿ ಕೇಳಬಹುದು, ಅಕ್ಕಪಕ್ಕದ ಮನೆಯಿಂದ ತಂದು ಕಾಪಿ ಮಾಡಿಕೊಳ್ಳಬಹುದು. 1978ರ ‘ನಿತ್ಯೋತ್ಸವ’ದಿಂದ ಹಿಡಿದು ಭಾವಗೀತೆ ನಮ್ಮ ಮನೆಯೊಳಗೆ ಬಂದದ್ದೇ ಕ್ಯಾಸೆಟ್ ಮೂಲಕ. ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆಯಂತೂ ಇಪಿಗೆ ಹೇಳಿಸಿದ್ದೇ ಅಲ್ಲ. ಭಾಗವತರು ಒಂದು ಪದ ಹೇಳಿ, ಅರ್ಥಧಾರಿ ಪೀಠಿಕೆ ಶುರು ಮಾಡುವಷ್ಟರಲ್ಲಿ ಏಳು ನಿಮಿಷ ಮುಗಿದಿರುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ನಮಗೆ ವಾದ ಪೂರ್ತಿ ಬೇಕು. ಪ್ರಸಂಗಕ್ಕೆ ಕ್ಯಾಸೆಟ್ಟೇ ಗೆದ್ದಿತು, ಅದರಲ್ಲಿ ಎರಡು ಮಾತಿಲ್ಲ.

ಸಿನಿಮಾ ಹಾಡಿಗೆ ಮಾತ್ರ ಕ್ಯಾಸೆಟ್ ನನಗೆ ಒಗ್ಗಲಿಲ್ಲ. ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಹಾಡು ಶುರುವಾಗುವ ಮೊದಲೇ ಸುಯ್ ಅನ್ನುವ ಶಬ್ದ ಇರುತ್ತದೆ, ಕೊಳಲಿನ ಹಾಡಿನಲ್ಲಿ ಇದು ತುಂಬಾ ಕಿರಿಕಿರಿ. ಇನ್ನೊಂದು, ನಮ್ಮ ಮಳೆಗಾಲ. ಜೂನ್ ಕಳೆದ ಮೇಲೆ ಒಂದು ಕ್ಯಾಸೆಟ್ ಎತ್ತಿ ನಡುವಿನ ಕಿಟಕಿಯಲ್ಲಿ ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಬಿಳಿ ಚುಕ್ಕೆ ಕಾಣುತ್ತದೆ. ಬೂಷ್ಟು. ಹಾಗೇ ಹಾಕಿದರೆ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಒರೆಸುವುದಕ್ಕೂ ಕಷ್ಟ, ಟೇಪು ಸಿಕ್ಕಿಕೊಂಡರೆ ಮುಗಿಯಿತು.

ಬೂಷ್ಟು ಇಪಿಗೂ ಬರುತ್ತದೆ, ಆದರೆ ಇಪಿಯನ್ನು ತೊಳೆಯಬಹುದು. ಲೇಬಲ್ ಒದ್ದೆಯಾಗದ ಹಾಗೆ ಹಿಡಿದು, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತಗಿನ ಬ್ರಷ್‌ನಲ್ಲಿ ಗೀರಿನ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಬಾರದು. ಕೊನೆಯ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದರೆ ಕಲೆ ಉಳಿಯುವುದಿಲ್ಲ. 78ಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಅರಗು ಕರಗುತ್ತದೆ. ಕವರು ಮಾತ್ರ ಉಳಿಸುವುದು ಕಷ್ಟ, ತೆಳು ಕಾಗದ. ಮಳೆಗಾಲದಲ್ಲಿ ನಾನು ಕಪಾಟಿನ ತಳದಲ್ಲಿ ಜೀರೋ ವಾಟ್ ಬಲ್ಬ್ ಉರಿಸಿಡುತ್ತೇನೆ, ಪ್ಲೇಟು ಬಿಸಿಯಾಗದಷ್ಟು ದೂರದಲ್ಲಿ.

ಫೋನ್ ಬಗ್ಗೆ ದೂರು ಕಡಿಮೆ. ಇಪಿಯಿಂದ ಹೊರಗುಳಿದ ಹಾಡು ಅಲ್ಲಿ ಸಿಗುತ್ತದೆ, ಅದಕ್ಕೆ ಕೃತಜ್ಞತೆ ಇದೆ. ಆದರೆ ಎಷ್ಟೋ ಹಳೆ ಹಾಡಿನಲ್ಲಿ ಗರಗರ ತೆಗೆಯುವ ಭರದಲ್ಲಿ ಗೆಜ್ಜೆ, ತಾಳದ ಹೊಳಪನ್ನೂ ತೆಗೆದುಬಿಟ್ಟಿದ್ದಾರೆ. ಇಪಿ ಅನ್ನುವ ಹೆಸರು ಅಲ್ಲೂ ಉಳಿದಿದೆ. ನಾಲ್ಕರಿಂದ ಆರು ಹಾಡು, ಒಟ್ಟು ಮೂವತ್ತು ನಿಮಿಷದ ಒಳಗೆ ಇದ್ದರೆ ಸ್ಪಾಟಿಫೈ, ಆಪಲ್ ಮ್ಯೂಸಿಕ್ ಎರಡರಲ್ಲೂ ಇಪಿ ಅಂತಲೇ ಬರುತ್ತದೆ. ನೀರ್ಚಾಲು ಕಡೆಯ ಕೆಲವು ಹುಡುಗರು ತಾವೇ ಕನ್ನಡ ಹಾಡು ಮಾಡುತ್ತಾರೆ, ಮಿಕ್ಸಿಂಗ್‌ಗೆ ನಾನೂ ಕೂತಿದ್ದೆ. ಮೊದಲು ಒಂದೊಂದೇ ಹಾಡು ಬಿಟ್ಟರು. ಎರಡು ದಿನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಓಡಿ ಮಾಯ. ಆಮೇಲೆ ನಾಲ್ಕು ಹಾಡು ಒಟ್ಟಿಗೆ ಬಿಟ್ಟಾಗ ಮೂರನೆಯದ್ದು ಯಾರು ಬರೆದದ್ದು ಅಂತ ಕೇಳುವವರು ಸಿಕ್ಕಿದರು. ಹತ್ತು ಹಾಡಿನ ಆಲ್ಬಂ ಮಾಡಲು ದುಡ್ಡೂ ಇಲ್ಲ, ಅಷ್ಟು ಒಳ್ಳೆ ಹಾಡೂ ಒಮ್ಮೆಗೇ ಹುಟ್ಟುವುದಿಲ್ಲ. ನಾಲ್ಕು ಒಳ್ಳೆಯದು ಆಗಬಹುದು.

ಇಪಿ ಕೊಳ್ಳುವವರಿಗೆ ಒಂದು ಮಾತು. ಕವರ್ ನೋಡಿ ದುಡ್ಡು ಕೊಡಬೇಡಿ. ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೇಲಿನ ಸಣ್ಣ ಗೀಚು ಹೆದರುವಂಥದ್ದಲ್ಲ. ಒಳಗಿನ ಹಾಡಿನ ಜಾಗದಲ್ಲಿ ಕಪ್ಪು ಹೊಳಪು ಹೋಗಿ ಬೂದಿ ಬಣ್ಣ ಬಂದಿದ್ದರೆ ಭಾರದ ಮುಳ್ಳು ಗೀರನ್ನೇ ತಿಂದಿದೆ ಅಂತ ಅರ್ಥ, ಎಷ್ಟು ತೊಳೆದರೂ ಆ ಹಾಡು ಒಡೆದ ದನಿಯಲ್ಲೇ ಬರುತ್ತದೆ. ಹೊಳಪು ಲೇಬಲ್ಲಿನವರೆಗೂ ಇದ್ದರೆ, ಕವರ್ ಹರಿದಿದ್ದರೂ ಸರಿ, ತಗೊಳ್ಳಿ.