ಸುಸ್ತು ಅಂತ ಎನ್‌ಎಡಿ ಡ್ರಿಪ್ ಹಾಕಿಸಿಕೊಳ್ಳೋಕೆ ಹೊರಟವರು ಒಮ್ಮೆ ಓದಿ

ನನಗೆ 49. ಮನೆ ಮೈಸೂರಿನ ಕುವೆಂಪುನಗರ, ಕೆಲಸ ಮಂಡ್ಯದಲ್ಲಿ, ದಿನಾ ರೈಲಿನಲ್ಲೇ ಓಡಾಟ. ಕಳೆದ ದೀಪಾವಳಿ ಆದಮೇಲೆ ಮೈಯಲ್ಲಿ ಕಸುವೇ ಇಲ್ಲದ ಹಾಗಾಯಿತು. ಮಂಡ್ಯ ಸ್ಟೇಷನ್ನಿನ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ರಾತ್ರಿ ಅಡುಗೆಕಟ್ಟೆ ಹಿಡಿದುಕೊಂಡು ನಿಂತು ಸಾರಿಗೆ ಒಗ್ಗರಣೆ ಹಾಕಬೇಕು. ಮುಟ್ಟು ನಿಲ್ಲುವ ವಯಸ್ಸು, ಇದೆಲ್ಲ ಇದ್ದದ್ದೇ ಅಂದುಕೊಂಡೆ.

ಆಗ ನಾದಿನಿ ಹೇಳಿದಳು: "ಅತ್ತಿಗೆ, ಬೆಂಗಳೂರಲ್ಲಿ ನಮ್ಮ ಆಫೀಸಿನವರೆಲ್ಲ ಎನ್‌ಎಡಿ ಡ್ರಿಪ್ ಹಾಕಿಸ್ಕೋತಿದಾರೆ. ಮೈಸೂರಲ್ಲೂ ಶುರುವಾಗಿದೆ, ಒಂದ್ಸಲ ನೋಡಿ." ಅವಳದ್ದು ಒಳ್ಳೇ ಮನಸ್ಸು, ತಪ್ಪು ಅವಳದ್ದಲ್ಲ. ಎನ್‌ಎಡಿ ಅಂದರೆ ಊಟದಿಂದ ಶಕ್ತಿ ಮಾಡಿಕೊಳ್ಳಲು ಜೀವಕೋಶಕ್ಕೆ ಬೇಕಾದ ಒಂದು ವಸ್ತು, ಅದನ್ನು ಡ್ರಿಪ್ಪಿನಲ್ಲಿ ರಕ್ತಕ್ಕೆ ಬಿಡುತ್ತಾರೆ.

ನಮ್ಮ ಕಡೆಯವರಿಗೆ ಡ್ರಿಪ್ ಮೇಲೆ ಮೊದಲಿನಿಂದಲೂ ನಂಬಿಕೆ. ನಮ್ಮಮ್ಮನ ಊರು ಪಾಂಡವಪುರದ ಹತ್ತಿರ. ಕಬ್ಬು ಕಡಿದು ಸುಸ್ತಾದವರು ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬಂದರೇ ಸಮಾಧಾನ. ಬರೀ ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಆ ನಂಬಿಕೆ ನನ್ನೊಳಗೂ ಇತ್ತು, ಅದಕ್ಕೇ ಮೈಸೂರಿನ ಅಂಥ ಒಂದು ಕ್ಲಿನಿಕ್ಕಿಗೆ ಹೋದೆ.

ಒಳಗೆ ಎಸಿ, ಒರಗಿಕೊಳ್ಳುವ ಕುರ್ಚಿ, ಸಣ್ಣಗೆ ಸಂಗೀತ. ಬಿಪಿ ನೋಡಿದರು. ವಿಡಿಯೋ ಕಾಲಿನಲ್ಲಿ ಒಬ್ಬರು ಡಾಕ್ಟರ್ ಐದು ನಿಮಿಷ ಮಾತಾಡಿ, ಇದು ನಮ್ಮ ಜೀವಕೋಶಕ್ಕೆ ಬೇಕಾದ ಸಹಕಿಣ್ವ, ವಯಸ್ಸಾದಂತೆ ಕಮ್ಮಿಯಾಗುತ್ತೆ, ನೊಬೆಲ್ ಬಂದಿರುವ ವಿಷಯ ಅಂದರು. ರಕ್ತ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಲಿಲ್ಲ. ಮುಟ್ಟಿನ ಬಗ್ಗೆ ಕೇಳಲಿಲ್ಲ. ಯಾವ ಮಾತ್ರೆ ನುಂಗುತ್ತೀರಿ ಅಂತಲೂ ಕೇಳಲಿಲ್ಲ. ನಾಲ್ಕು ಡ್ರಿಪ್ಪಿಗೆ 36,000 ರೂಪಾಯಿ ಮುಂಗಡ ಕಟ್ಟಿಸಿಕೊಂಡರು.

ಮೊದಲನೆಯದು 250 ಮಿಲಿಗ್ರಾಂ, ಮೂರು ಗಂಟೆ ಹಿಡಿಯಿತು. ಸ್ವಲ್ಪ ಹೊಟ್ಟೆ ತೊಳಸಿತು, ಅಷ್ಟೇ. ಆಮೇಲೆ ಎರಡು ದಿನ ಹಗುರ ಅನಿಸಿದ್ದೂ ನಿಜ. ಎಷ್ಟೋ ತಿಂಗಳ ಮೇಲೆ ಹಗಲಲ್ಲಿ ಮೂರು ಗಂಟೆ ಸುಮ್ಮನೆ ಮಲಗಿದ್ದೆನಲ್ಲ, ಅದರಿಂದಲೂ ಇರಬಹುದು.

ಎರಡನೆಯ ಸಲ 500 ಮಿಲಿಗ್ರಾಂ. ಅರ್ಧ ಬಾಟ್ಲಿ ಇರುವಾಗಲೇ ಕ್ಲಿನಿಕ್ ಮುಚ್ಚುವ ಹೊತ್ತಾಯಿತು ಅಂತ ಡ್ರಿಪ್ ಹಾಕಿದ ಹುಡುಗಿ ಅದನ್ನು ಜೋರು ಮಾಡಿದಳು. ಎರಡೇ ನಿಮಿಷ. ಎದೆಯ ಮೇಲೆ ಚಪ್ಪಡಿ ಇಟ್ಟಂತೆ ಬಿಗಿಯಿತು. ಹೊಟ್ಟೆ ಹಿಂಡಿತು, ವಾಕರಿಕೆ ಬಂತು, ಎದೆಬಡಿತ ಕಿವಿಗೆ ಕೇಳುತ್ತಿತ್ತು. ಹಾರ್ಟ್ ಅಟ್ಯಾಕೇ ಅಂದುಕೊಂಡು ಮಕ್ಕಳ ಮುಖ ನೆನೆಸಿಕೊಂಡೆ. "ಮೇಡಂ, ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ, ತಡ್ಕೊಳಿ" ಅಂದಳು. ಅಲ್ಲಿ ಡಾಕ್ಟರ್ ಇರಲಿಲ್ಲ, ಫೋನೂ ಎತ್ತಲಿಲ್ಲ. ನಿಲ್ಲಿಸಮ್ಮಾ ಅಂತ ಕೂಗಿದ ಮೇಲೆ ನಿಲ್ಲಿಸಿದಳು. ನಮ್ಮವರು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪುಣ್ಯಕ್ಕೆ ಇಸಿಜಿ ಸರಿಯಿತ್ತು.

ಬೇಗ ಹರಿಸಿದರೆ ಹೀಗಾಗುತ್ತೆ ಅನ್ನುವುದು ಗೊತ್ತಿರುವ ವಿಷಯವೇ ಅಂತ ಆಮೇಲೆ ತಿಳಿಯಿತು. 2019ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 750 ಮಿಲಿಗ್ರಾಂ ಕೊಡಲು ಆರು ಗಂಟೆ ತೆಗೆದುಕೊಂಡಿದ್ದರು. ಎನ್‌ಎಡಿ ದೊಡ್ಡ ಅಣು, ರಕ್ತಕ್ಕೆ ಬಿಟ್ಟರೆ ಇದ್ದ ಹಾಗೇ ಜೀವಕೋಶದೊಳಗೆ ಸುಲಭವಾಗಿ ಹೋಗುವುದಿಲ್ಲ, ಬಹುಪಾಲು ಹೊರಗೇ ಒಡೆಯುತ್ತೆ. ದೇಹ ಅದನ್ನು ಬಿ3 ಜೀವಸತ್ವದಿಂದ ತಾನೇ ಮಾಡಿಕೊಳ್ಳುತ್ತೆ, ಕಡಲೆಕಾಯಿ, ಮೀನು, ಕೋಳಿಯಲ್ಲೆಲ್ಲ ಆ ಬಿ3 ಇದೆ. ನೊಬೆಲ್ ಬಂದಿದ್ದು ಸುಳ್ಳಲ್ಲ. ಆದರೆ 1929ರಲ್ಲಿ ಹಾರ್ಡನ್ ಮತ್ತು ಆಯ್ಲರ್-ಕೆಲ್ಪಿನ್ ಅವರಿಗೆ ಬಂದದ್ದು ಸಕ್ಕರೆ ಹೇಗೆ ಹುದುಗುತ್ತೆ ಅನ್ನುವ ಸಂಶೋಧನೆಗೆ, ಎನ್‌ಎಡಿ ಗೊತ್ತಾದದ್ದು ಅದರಲ್ಲೇ. ಅದಕ್ಕೂ ವಯಸ್ಸು ತಡೆಯುವ ಡ್ರಿಪ್ಪಿಗೂ ಏನು ಸಂಬಂಧ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಈ ಇಂಜೆಕ್ಷನ್ನಿಗೆ ಯಾವ ಕಾಯಿಲೆಗೂ ಅನುಮೋದನೆ ಕೊಟ್ಟಿಲ್ಲ.

ಮರುದಿನ ನಮ್ಮ ಹಳೇ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದೆ. ರೆಪ್ಪೆ ಕೆಳಗೆಳೆದು ನೋಡಿದವರೇ "ಮುಟ್ಟು ಎಷ್ಟು ದಿನ ಹೋಗುತ್ತಮ್ಮಾ?" ಅಂತ ಕೇಳಿದರು. ಹತ್ತು ದಿನ ಅಂದೆ. ಅವತ್ತೇ ರಕ್ತ ಪರೀಕ್ಷೆ, ಸ್ಕ್ಯಾನಿಂಗ್. ಹಿಮೋಗ್ಲೋಬಿನ್ 7.8, ತೀರಾ ಕಮ್ಮಿ. ಗರ್ಭಕೋಶದಲ್ಲಿ ಫೈಬ್ರಾಯ್ಡ್, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ತಿಂಗಳು ತಿಂಗಳೂ ರಕ್ತ ಹೋಗಿ ಹೋಗಿ ಮೈಯಲ್ಲಿ ಕಬ್ಬಿಣದ ಅಂಶವೇ ಉಳಿದಿರಲಿಲ್ಲ. ನನಗೆ ಉರಿದದ್ದು ಇಲ್ಲೇ. ದುಡ್ಡು ಹೋಯಿತು ಅನ್ನುವುದಕ್ಕಿಂತ, ಕೆಲವೇ ನೂರು ರೂಪಾಯಿಯ ಪರೀಕ್ಷೆಯಲ್ಲಿ ಸಿಗುತ್ತಿದ್ದ ಕಾರಣವನ್ನು ಹುಡುಕದೆ ಬಾಟ್ಲಿ ನೇತುಹಾಕಿದರಲ್ಲ ಅಂತ. ನಾನು ನಾಲ್ಕೂ ಡ್ರಿಪ್ ಮುಗಿಸಿ, ಸ್ವಲ್ಪ ಪರವಾಗಿಲ್ಲ ಅಂತ ಇನ್ನೊಂದು ಪ್ಯಾಕೇಜ್ ಕಟ್ಟಿದ್ದರೆ ಇನ್ನೆಷ್ಟು ರಕ್ತ ಹೋಗುತ್ತಿತ್ತು?

ಕೊನೆಗೆ ನನಗೆ ಬೇಕಾಗಿದ್ದೂ ಡ್ರಿಪ್ಪೇ, ಕಬ್ಬಿಣದ್ದು. ಆಸ್ಪತ್ರೆಯಲ್ಲಿ, ನರ್ಸ್ ಪಕ್ಕದಲ್ಲೇ ನಿಂತಿರುವಾಗ, ಯಾಕೆ ಎಷ್ಟು ಅಂತ ಚೀಟಿಯಲ್ಲಿ ಬರೆದು ಕೊಟ್ಟರು. ಈಗ ಹಿಮೋಗ್ಲೋಬಿನ್ 11.2ಕ್ಕೆ ಬಂದಿದೆ. ಫೈಬ್ರಾಯ್ಡಿಗೆ ಚಿಕಿತ್ಸೆ ನಡೆಯುತ್ತಿದೆ.

ಉಳಿದ ಎರಡು ಡ್ರಿಪ್ಪಿನ ದುಡ್ಡು ವಾಪಸ್ ಕೇಳಿದರೆ ಪ್ಯಾಕೇಜ್ ರಿಫಂಡ್ ಇಲ್ಲ ಅಂದರು. ಬಿಲ್ಲಿನಲ್ಲಿ 'ವೆಲ್‌ನೆಸ್ ಸೆಷನ್' ಅಂತ ಬಿಟ್ಟರೆ ಔಷಧಿಯ ಹೆಸರಿಲ್ಲ, ಬ್ಯಾಚ್ ನಂಬರಿಲ್ಲ. ನಮ್ಮಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಪ್ರಕಾರ ಖಾಸಗಿ ಕ್ಲಿನಿಕ್ಕುಗಳು ನೋಂದಣಿ ಮಾಡಿಸಿರಬೇಕು, ದರಪಟ್ಟಿ ತೂಗುಹಾಕಿರಬೇಕು. ಅಲ್ಲಿ ಯಾವುದೂ ಕಣ್ಣಿಗೆ ಬೀಳಲಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಿದ್ದೇನೆ. ಔಷಧಿಯಿಂದ ತೊಂದರೆಯಾದರೆ ತಿಳಿಸಲು 1800-180-3024 ಅಂತ ಉಚಿತ ಸಂಖ್ಯೆಯಿದೆ. ನಿಮಗೂ ಹೀಗೆ ಆಗಿದ್ದರೆ ಬಿಲ್ಲು, ದುಡ್ಡು ಕಟ್ಟಿದ ಮೆಸೇಜು, ಬಾಟ್ಲಿಯ ಫೋಟೋ ಯಾವುದನ್ನೂ ಕಳೆಯಬೇಡಿ. ನಾನು ಬಾಟ್ಲಿಯ ಫೋಟೋ ತೆಗೆದುಕೊಂಡಿರಲಿಲ್ಲ, ದೂರು ಬರೆಯುವಾಗ ಅದನ್ನೇ ಮೊದಲು ಕೇಳಿದರು.