ನಿದ್ರೆಗೊಂದು ಖಾತೆ ಪುಸ್ತಕ: ರಾಯಚೂರಿನಲ್ಲಿ ಆರು ವಾರ ಪಡೆದ ಮಾತ್ರೆಯಿಲ್ಲದ ಚಿಕಿತ್ಸೆ

ರಾಯಚೂರಿನ ಹತ್ತಿ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ನನಗೆ ಕಳೆದ ಹಂಗಾಮಿನ ನಡುವೆ ನಿದ್ದೆ ಕೈಕೊಟ್ಟಿತು. ಒಂಬತ್ತೂವರೆಗೆ ಮಲಗಿದರೂ ಹನ್ನೊಂದೂವರೆಯವರೆಗೆ ನಿದ್ದೆ ಹತ್ತುತ್ತಿರಲಿಲ್ಲ. ಹತ್ತಿದ್ದೂ ಎರಡು ಗಂಟೆಗೆ ಒಡೆದುಹೋಗಿ, ಸ್ಟೇಷನ್ನಿನ ಕಡೆಯಿಂದ ಕೇಳುವ ರೈಲುಗಳನ್ನು ಎಣಿಸುತ್ತ ಬೆಳಗು ಮಾಡುತ್ತಿದ್ದೆ. ವೈದ್ಯರು ಹತ್ತು ದಿನಗಳ ಮಾತ್ರೆ ಬರೆದುಕೊಟ್ಟರು. ಆ ಹತ್ತು ದಿನ ನಿದ್ದೆ ಬಂತು, ಹನ್ನೊಂದನೆಯ ರಾತ್ರಿ ಮೊದಲಿಗಿಂತ ಕೆಟ್ಟದಾಗಿತ್ತು. ಮತ್ತೆ ಮಾತ್ರೆಗೆ ಕೈಚಾಚಬಾರದೆಂದು ನಿಶ್ಚಯಿಸಿ, ಪರಿಚಿತರು ಹೇಳಿದ ಖಾಸಗಿ ಆಪ್ತಸಮಾಲೋಚನಾ ಕೇಂದ್ರವೊಂದರಲ್ಲಿ ಮಾರ್ಚ್ ತಿಂಗಳಲ್ಲಿ ಆರು ವಾರಗಳ ಚಿಕಿತ್ಸೆಗೆ ಹೆಸರು ಬರೆಸಿದೆ. ನನಗೆ ಕೆಲವು ದೂರುಗಳೂ ಇರುವುದರಿಂದ ಕೇಂದ್ರದ ಹೆಸರನ್ನು ಬಿಟ್ಟು, ಚಿಕಿತ್ಸೆ ಹೇಗೆ ನಡೆಯಿತೆಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಈ ವಿಧಾನಕ್ಕೆ ಸಿಬಿಟಿ-ಐ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಫಾರ್ ಇನ್ಸೋಮ್ನಿಯಾ ಎಂದು ಹೆಸರು. ಅನಿದ್ರೆಯನ್ನು ಉಳಿಸಿಕೊಂಡು ಬರುವ ಅಭ್ಯಾಸಗಳನ್ನೂ ಆಲೋಚನೆಗಳನ್ನೂ ಬದಲಿಸುವ ಚಿಕಿತ್ಸೆ ಇದು. ದೀರ್ಘಕಾಲದ ಅನಿದ್ರೆ ಇರುವ ವಯಸ್ಕರಿಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಶಿಫಾರಸು ಮಾಡಿದೆ. ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದು ದೀರ್ಘಕಾಲದ ಅನಿದ್ರೆ. ನನ್ನದು ಆ ಗಡಿಯನ್ನು ಎಂದೋ ದಾಟಿತ್ತು.

ಮೊದಲ ಭೇಟಿ ಮುಕ್ಕಾಲು ಗಂಟೆ ನಡೆಯಿತು, ಮತ್ತು ಈ ಕೇಂದ್ರದ ಬಗ್ಗೆ ನನಗೆ ವಿಶ್ವಾಸ ಹುಟ್ಟಿದ್ದು ಅಲ್ಲಿಯೇ. ಗೊರಕೆಯ ನಡುವೆ ಉಸಿರು ಕಟ್ಟುತ್ತದೆಯೇ, ಮಲಗಿದಾಗ ಕಾಲುಗಳಲ್ಲಿ ಚಡಪಡಿಕೆ ಇದೆಯೇ, ಥೈರಾಯ್ಡ್ ಪರೀಕ್ಷೆ ಆಗಿದೆಯೇ, ಮನಸ್ಸು ಕುಗ್ಗಿದೆಯೇ ಎಂದು ಸಮಾಲೋಚಕಿ ಒಂದೊಂದಾಗಿ ಕೇಳಿದರು. ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕೆಂದರು. ನಿದ್ರೆ ಮಾತ್ರೆಯನ್ನು ಬಹುಕಾಲದಿಂದ ನುಂಗುತ್ತಿರುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಸಲಹೆಯಂತೆ ಹಂತ ಹಂತವಾಗಿ ಇಳಿಸಬೇಕು ಎಂಬ ಮಾತನ್ನೂ ಸೇರಿಸಿದರು. ಏಳು ಪ್ರಶ್ನೆಗಳ ಅನಿದ್ರೆ ಮಾಪನದಲ್ಲಿ 28ಕ್ಕೆ ನನ್ನ ಅಂಕ 18 ಬಂತು. ಜೀವನದಲ್ಲಿ ಹೆಚ್ಚು ಅಂಕ ಬಂದದ್ದಕ್ಕೆ ಬೇಸರಪಟ್ಟದ್ದು ಅದೊಂದೇ ಸಲ.

ಆಮೇಲೆ ಕೈಗೆ ಬಂದದ್ದು ನಿದ್ರೆಯ ದಿನಚರಿ. ಎಷ್ಟಕ್ಕೆ ಮಲಗಿದೆ, ಅಂದಾಜು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರವಾಯಿತು, ಎಷ್ಟಕ್ಕೆ ಎದ್ದೆ ಎಂಬುದನ್ನು ಮರುದಿನ ಬೆಳಿಗ್ಗೆ ಬರೆಯಬೇಕು. ರಾತ್ರಿ ಗಡಿಯಾರ ನೋಡುವಂತಿಲ್ಲ. ಜಮಾ-ಖರ್ಚು ಬರೆದು ಪಳಗಿದ ನನ್ನ ಕೈಗೆ ಇದು ಹೊಸದೇನಲ್ಲ. ಆದರೆ ಒಂದು ವಾರದ ಮೊತ್ತ ಹಾಕಿದಾಗ ಹಾಸಿಗೆಯಲ್ಲಿ ಕಳೆದದ್ದು ದಿನಕ್ಕೆ 9 ಗಂಟೆ, ನಿದ್ರಿಸಿದ್ದು 5 ಗಂಟೆ 15 ನಿಮಿಷ, ಅಂದರೆ ಶೇ. 58 ಎಂಬ ಲೆಕ್ಕ ಹೊರಬಿತ್ತು. ಉಳಿದ ಸುಮಾರು ನಾಲ್ಕು ಗಂಟೆ ನಾನು ಹಾಸಿಗೆಯನ್ನು ಚಿಂತೆ ಮಾಡುವ ಗದ್ದುಗೆಯಾಗಿ ಬಳಸುತ್ತಿದ್ದೆ. ಇಂತಹ ಬ್ಯಾಲೆನ್ಸ್ ಶೀಟನ್ನು ನಮ್ಮ ಸಾಹುಕಾರರ ಮುಂದಿಟ್ಟಿದ್ದರೆ ಅಂದೇ ಅಂಗಡಿಯಿಂದ ಹೊರಬೀಳುತ್ತಿದ್ದೆ.

ಚಿಕಿತ್ಸೆಯ ತಿರುಳೂ ಅತ್ಯಂತ ಕಠಿಣ ಭಾಗವೂ ಇಲ್ಲಿಂದ ಮುಂದಿನದು. ನಿದ್ದೆ ಬರುವುದು ಐದೂಕಾಲು ಗಂಟೆಯಾದರೆ ಹಾಸಿಗೆಯೂ ಸುಮಾರು ಅಷ್ಟೇ ಹೊತ್ತು ಸಿಗುತ್ತದೆ. ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಮಂಡಿಸಿದ ಈ ಕ್ರಮದ ಪ್ರಕಾರ ನನಗೆ ರಾತ್ರಿ 12.30ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಮಲಗಲು ಅನುಮತಿ ದೊರೆಯಿತು. ಹಗಲು ನಿದ್ದೆ ಮಾಡುವಂತಿಲ್ಲ, ಭಾನುವಾರವೂ ಏಳುವ ವೇಳೆ ಬದಲಾಗುವಂತಿಲ್ಲ. ಎಚ್ಚರವಿದ್ದಷ್ಟೂ ಹೊತ್ತು ದೇಹದಲ್ಲಿ ನಿದ್ರೆಯ ಹಸಿವು ಬೆಳೆಯುತ್ತ ಹೋಗುತ್ತದೆ. ಒಂಬತ್ತೂವರೆಗೇ ಮಲಗಿ ಹೊರಳಾಡುವವನು ಹಸಿವಾಗುವ ಮೊದಲೇ ಎಲೆಯ ಮುಂದೆ ಕುಳಿತವನಂತೆ. ಶಿವರಾತ್ರಿ ಆಗಷ್ಟೇ ಮುಗಿದಿತ್ತಾದ್ದರಿಂದ, ದುಡ್ಡು ಕೊಟ್ಟು ಜಾಗರಣೆ ಮಾಡುವವರನ್ನು ಇದೇ ಮೊದಲು ನೋಡುತ್ತಿದ್ದೇನೆಂದು ಮನೆಯಾಕೆ ಹೇಳಿದರು. ಮೊದಲ ವಾರ ಮಧ್ಯಾಹ್ನ ಪಟ್ಟಿ ಬರೆಯುವಾಗ ತೂಕಡಿಸಿ ಕ್ವಿಂಟಲ್ ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚು ಬರೆದೆ. ರೈತರೇ ಅದನ್ನು ಗುರುತಿಸಿ ಹೇಳಿದರು. ಸಮಾಲೋಚಕಿಯ ಸೂಚನೆಯಂತೆ ಎರಡು ವಾರ ಸ್ಕೂಟರ್ ಮುಟ್ಟದೆ ಆಟೋದಲ್ಲಿ ಓಡಾಡಿದೆ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಪಾಳಿ ಮಾಡುವವರು, ಲಾರಿ ಓಡಿಸುವವರು, ಮೂರ್ಛೆ ರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು ಈ ಭಾಗವನ್ನು ತಜ್ಞರ ನಿಗಾ ಇಲ್ಲದೆ ಪ್ರಯೋಗಿಸಲೇಬಾರದು.

ಹೀಗೆ ಮಲಗತೊಡಗಿದ ಮೊದಲ ವಾರ ಹಾಸಿಗೆಯ ಹೊತ್ತಿನಲ್ಲಿ ನಿದ್ದೆಯ ಪಾಲು ಸರಾಸರಿ ಶೇ. 82, ಎರಡನೆಯ ವಾರದ್ದು 88. ಶೇ. 85 ದಾಟಿದ ವಾರದ ಕೊನೆಗೆ ಹಾಸಿಗೆಯ ಹೊತ್ತಿಗೆ ಹದಿನೈದು ನಿಮಿಷ ಬಡ್ತಿ. ಆ ಹದಿನೈದು ನಿಮಿಷಕ್ಕಾಗಿ ನಾನು ಕಾದಷ್ಟು ಸಂಬಳದ ಏರಿಕೆಗೂ ಕಾದಿಲ್ಲ.

ಎರಡನೆಯ ನಿಯಮ ರಿಚರ್ಡ್ ಬೂಟ್‌ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ರೂಪಿಸಿದ್ದು: ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಕಣ್ಣು ಎಳೆಯತೊಡಗಿದಾಗಲೇ ಹಾಸಿಗೆಗೆ ಮರಳಬೇಕು. ಹಾಸಿಗೆ ಎಂದರೆ ನಿದ್ದೆ ಎಂಬ ನಂಟು ಮನಸ್ಸಿನಲ್ಲಿ ಮತ್ತೆ ಕೂಡಿಕೊಳ್ಳಲು ಇದು ಬೇಕು. ಆದರೆ ಏಪ್ರಿಲ್ ಬಂದಿತೆಂದರೆ ನಮ್ಮ ಊರಿನ ಅರ್ಧದಷ್ಟು ಜನ ಮಾಳಿಗೆಯ ಮೇಲೆ ಮಲಗುವವರು. ಮಾಳಿಗೆಗೆ ಬೇರೆ ಕೋಣೆ ಎಲ್ಲಿಂದ ತರುವುದು? ಕೆಳಗಿಳಿದರೆ ಹಗಲೆಲ್ಲ ಕಾದ ಗೋಡೆಗಳ ಬಿಸಿಗೆ ಬರುತ್ತಿದ್ದ ತೂಕಡಿಕೆಯೂ ಓಡಿಹೋಗುತ್ತದೆ. ಇದನ್ನು ಕೇಳಿದಾಗ ಸಮಾಲೋಚಕಿಯ ಬಳಿ ಸಿದ್ಧ ಉತ್ತರ ಇರಲಿಲ್ಲ. ಕೊನೆಗೆ ನಾವಿಬ್ಬರೂ ಸೇರಿ, ಹೊರಸು ಬಿಟ್ಟು ಮೆಟ್ಟಿಲ ಕಟ್ಟೆಯ ಮೇಲೆ ಕುಳಿತುಕೊಳ್ಳುವುದೇ ಬೇರೆ ಕೋಣೆ ಎಂದು ತೀರ್ಮಾನಿಸಿದೆವು. ಅಷ್ಟರಿಂದಲೇ ಕೆಲಸವಾಯಿತು.

ಕೇಂದ್ರದ ದೊಡ್ಡ ದೋಷವೂ ಇದೇ ಜಾತಿಯದು. ಅವರು ಕೊಟ್ಟ ಕರಪತ್ರಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಮತ್ತು ಎಲ್ಲಿಯೋ ತಂಪು ದೇಶದಲ್ಲಿ ಬರೆದಂತಿದ್ದವು. ಕೋಣೆಯ ಉಷ್ಣತೆ 18 ಡಿಗ್ರಿ ಇರಲಿ ಎಂದು ಒಂದರಲ್ಲಿ ಅಚ್ಚಾಗಿತ್ತು. ಹಗಲು 40 ದಾಟುವ ಊರಿನಲ್ಲಿ ಅದನ್ನು ಓದಿ ನಗದೆ ಇರಲಾಗಲಿಲ್ಲ. ಮಲಗುವ ಮುನ್ನ ದೇಹದ ಒಳಗಿನ ಉಷ್ಣತೆ ತುಸು ಇಳಿದರೆ ನಿದ್ದೆ ಬೇಗ ಬರುತ್ತದೆಂಬ ತತ್ತ್ವವೇನೋ ಸರಿ. ಆದರೆ ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ಮಲಗಲು ಒಂದು ಗಂಟೆ ಇರುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ತೆಳ್ಳನೆಯ ಹತ್ತಿ ಕೌದಿಯ ಮೇಲೆ ಮಲಗುವ ಉಪಾಯವನ್ನು ನಾನೇ ಕಂಡುಕೊಳ್ಳಬೇಕಾಯಿತು. ಐದನೆಯ ವಾರ ಸೆಕೆಯೂ ವಿದ್ಯುತ್ ಕಡಿತವೂ ಒಟ್ಟಾಗಿ ನನ್ನ ನಿದ್ದೆಯ ಪಾಲು ಶೇ. 81ಕ್ಕೆ ಇಳಿದಾಗ, ಬಡ್ತಿ ತಡೆಹಿಡಿದರೇ ಹೊರತು ಸೆಕೆಯ ಬಗ್ಗೆ ಅವರು ಏನನ್ನೂ ಹೇಳಲಿಲ್ಲ.

ಚಹಾದ ವಿಷಯದಲ್ಲಿ ಮಾತ್ರ ಅವರ ಹಟವೇ ಸರಿಯಾಗಿತ್ತು. ಮಾರುಕಟ್ಟೆಯಲ್ಲಿ ಬಂದವರಿಗೆಲ್ಲ ಚಹಾ ತರಿಸುವುದು ರೂಢಿ, ಅವರೊಂದಿಗೆ ನಾನೂ ಕುಡಿಯುತ್ತಿದ್ದೆ. ಎಣಿಸಿದರೆ ದಿನಕ್ಕೆ ಎಂಟು ಕಪ್ಪು, ಕೊನೆಯದು ಸಂಜೆ ಏಳಕ್ಕೆ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು ಎಂದು ತಿಳಿದ ಮೇಲೆ ಮಧ್ಯಾಹ್ನ ಎರಡರ ನಂತರ ಬಿಟ್ಟೆ. ಸಂಜೆ ಏಳಕ್ಕೆ ಹತ್ತು ನಿಮಿಷ ಕುಳಿತು ನಾಳಿನ ಚಿಂತೆಗಳನ್ನು ಹಾಳೆಯ ಮೇಲೆ ಬರೆದಿಡುವುದೂ ಉಪಯುಕ್ತವಾಯಿತು. ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸ ನನಗೆ ಒಗ್ಗಲಿಲ್ಲ.

ಮೊದಲ ಭೇಟಿಗೆ 500 ರೂಪಾಯಿ, ಉಳಿದ ಐದಕ್ಕೆ ತಲಾ 400, ಒಟ್ಟು 2,500 ರೂಪಾಯಿ ಆಯಿತು. ಇದು ದುಬಾರಿಯಲ್ಲ. ಆದರೆ ಕೊಟ್ಟ ವೇಳೆಗೆ ಒಳಗೆ ಕರೆದದ್ದು ಎರಡೇ ಸಲ. ಅದಕ್ಕಿಂತ ಬೇಸರ ತಂದದ್ದು, ಹಣ ಕಟ್ಟುವ ಮೇಜಿನ ಬಳಿ ಪ್ರತಿ ಸಲವೂ 650 ರೂಪಾಯಿಯ ಸುಗಂಧ ತೈಲದ ಸೀಸೆಯನ್ನು ಮುಂದಿಡುತ್ತಿದ್ದುದು. ಒಳಗೆ ಅಷ್ಟು ಶಿಸ್ತಿನ ಚಿಕಿತ್ಸೆ ನಡೆಸುವವರು ಹೊರಗೆ ಏಕೆ ಇದನ್ನು ಮಾರಬೇಕು? ಕೇಂದ್ರಕ್ಕೆ ಹೋಗಲಾಗದವರು 14416ಕ್ಕೆ ಕರೆ ಮಾಡಿದರೆ, ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಸಮಾಲೋಚಕರೊಂದಿಗೆ ಮಾತನಾಡಬಹುದು. ಆರು ವಾರಗಳ ಚಿಕಿತ್ಸೆಗೆ ಅದು ಸಾಟಿಯಲ್ಲವಾದರೂ, ಎಲ್ಲಿಂದ ಆರಂಭಿಸಬೇಕೆಂದು ಕೇಳಿ ತಿಳಿಯಲು ತಕ್ಕದ್ದು.

ಕೊನೆಯ ಭೇಟಿಯಲ್ಲಿ ಅದೇ ಅನಿದ್ರೆ ಮಾಪನದಲ್ಲಿ ನನ್ನ ಅಂಕ 28ಕ್ಕೆ 9. ಈಗ 11.15ಕ್ಕೆ ಮಲಗಿ 6ಕ್ಕೆ ಏಳುತ್ತೇನೆ, ಅದರಲ್ಲಿ ಸುಮಾರು ಆರು ಗಂಟೆ ನಿದ್ದೆ. ಎಂಟು ಗಂಟೆಯ ಆಸೆ ಇಟ್ಟುಕೊಂಡು ಹೋಗುವವರಿಗೆ ಈ ಫಲ ಸಾಲದೆನಿಸಬಹುದು. ಮೊದಲ ಹದಿನೈದು ದಿನ ಸಹಿಸಲಾರದವರು ಸೇರದಿರುವುದೇ ಲೇಸು. ಸೇರುವವರು ನನ್ನಂತೆ ವ್ಯಾಪಾರ ತಣ್ಣಗಾದ ತಿಂಗಳನ್ನು ಆರಿಸಿಕೊಳ್ಳಲಿ, ಆದರೆ ಅದು ಬೇಸಿಗೆಯಾಗದಿರಲಿ. ಕಳೆದ ವಾರ ಮಾರುಕಟ್ಟೆಗೆ ಹೊಸ ಹತ್ತಿ ಬರತೊಡಗಿದೆ, ಎರಡು ರಾತ್ರಿ ಹಳೆಯ ಹಾಗೆಯೇ ಎರಡಕ್ಕೆ ಎಚ್ಚರವಾಯಿತು. ನಿನ್ನೆ ಆ ನಿದ್ರೆಯ ದಿನಚರಿ ಪುಸ್ತಕವನ್ನು ಕಪಾಟಿನಿಂದ ತೆಗೆದು, ಹೊಸ ಪುಟದ ತಲೆಗೆ ತಾರೀಖು ಹಾಕಿ, ಮಲಗುವ ವೇಳೆ 12 ಗಂಟೆ ಎಂದು ಬರೆದಿಟ್ಟಿದ್ದೇನೆ.