ಟ್ರೇಲರ್ ಎಳೆಯುವ ಕಾರಿಗೆ ಏರ್ ಬ್ಯಾಗ್: ಎತ್ತುವುದು ಖರೆ, ಕುಣಿತ ನಿಲ್ಲಿಸುವುದಿಲ್ಲ

ಅಪಘಾತದಲ್ಲಿ ಉಬ್ಬುವ ಏರ್ ಬ್ಯಾಗ್ ಅಲ್ಲ, ಕಾರಿನ ಹಿಂದಿನ ಸ್ಪ್ರಿಂಗ್ ಒಳಗೆ ಕೂರಿಸುವ ಗಾಳಿ ಚೀಲದ ಮಾತು ಇದು. ಐದಕ್ಕೆ ಮೂರೂವರೆ ಸ್ಟಾರ್. ಟ್ರೇಲರ್ ಕಟ್ಟಿದ ಕೂಡಲೇ ನಿಮ್ಮ ಕಾರಿನ ಹಿಂಭಾಗ ಕುಸಿಯುತ್ತಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಕುಸಿತದ ಚಿಂತೆ ಇಲ್ಲ, ಗಾಡಿ ಕುಣಿಯುವುದೇ ಸಮಸ್ಯೆ ಅಂತಿದ್ದರೆ ಸ್ವಲ್ಪ ತಡೆಯಿರಿ. ಆ ದುಡ್ಡು ಬೇರೆ ಕಡೆ ಹಾಕಬೇಕಾಗಬಹುದು.

ನಾವಿರುವುದು ಬೆಳಗಾವಿ. ಕಾರು ಏಳು ಸೀಟಿನ ಎಸ್‌ಯುವಿ, ಹಿಂದೆ ಕಾಯಿಲ್ ಸ್ಪ್ರಿಂಗ್. ಎಳೆಯುವುದು ಚಿಕ್ಕ ಕ್ಯಾಂಪರ್ ಟ್ರೇಲರ್. ಒಂದೇ ಆಕ್ಸಲ್ (ಚಕ್ರಗಳ ಅಚ್ಚು), ಇಬ್ಬರು ಮಲಗುವಷ್ಟು ಜಾಗ, ಹಿಂದೆ ಅಡುಗೆ ಕಟ್ಟೆ, ಅದರ ಕೆಳಗೆ 60 ಲೀಟರ್ ನೀರಿನ ಟ್ಯಾಂಕ್. ನೀರು ಬಿಟ್ಟು ಉಳಿದ ಸಾಮಾನೆಲ್ಲ ಸೇರಿ ಸುಮಾರು 700 ಕೆಜಿ. ತೂಕದ ಮಾತು ಬಂದರೆ ನಮ್ಮ ಕಡೆ ಚಿಂತೆಯಿಲ್ಲ. ಕಬ್ಬಿನ ಸೀಸನ್ ಮುಗಿದ ಮೇಲೆ ಯಾವ ಊರಿಗೆ ಹೋದರೂ ಗಾಡಿ ತೂಗುವ ಒಂದು ಕಾಟಾ ಖಾಲಿ ನಿಂತಿರುತ್ತದೆ. ಹೋಗುವುದು ಹೆಚ್ಚಾಗಿ ನವಿಲುತೀರ್ಥ, ಬಾದಾಮಿ, ಕೂಡಲಸಂಗಮ, ಆಲಮಟ್ಟಿ ಕಡೆ. ಅಂದರೆ ಯರಗಟ್ಟಿ, ಲೋಕಾಪುರದ ಮೇಲೆ ಪೂರ್ವಕ್ಕೆ.

ಆ ದಾರಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಕುಣಿತ ಶುರುವಾಗುವುದೇ ಅಲ್ಲಿಂದ. ಪೂರ್ವಕ್ಕೆ ಹೋದಷ್ಟೂ ಎರೆ ಭೂಮಿ ಜಾಸ್ತಿ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕೂರುತ್ತದೆ. ಮೇಲಿನ ಡಾಂಬರು ಒಡೆಯದಿದ್ದರೂ ರಸ್ತೆ ಅಲೆ ಅಲೆಯಾಗುತ್ತದೆ. ಗುಂಡಿಯಾದರೆ ಕಣ್ಣಿಗೆ ಕಾಣುತ್ತದೆ, ತಪ್ಪಿಸಬಹುದು. ಅಲೆ ಕಾಣುವುದಿಲ್ಲ. ಹತ್ತು ಮೀಟರಿಗೊಂದು ಅಲೆ ಇದೆ ಅಂದುಕೊಳ್ಳಿ. 60 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ ಒಂದೂವರೆ ಸಲಕ್ಕಿಂತ ತುಸು ಜಾಸ್ತಿ ಏಟು ಬೀಳುತ್ತದೆ. ಸ್ಪ್ರಿಂಗ್ ಮೇಲೆ ಕೂತ ಗಾಡಿಯ ಸಹಜ ಲಯವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕೂಡಿದರೆ ಮುಗೀತು. ಕಾರಿನ ಮೂತಿ ಮೇಲೆ, ಟ್ರೇಲರ್ ಮೂತಿ ಕೆಳಗೆ, ಮತ್ತೆ ಅದು ಇದಾಗಿ ಇದು ಅದಾಗಿ. 50ಕ್ಕೆ ಇಳಿಸಿದರೆ ತಾನಾಗೇ ಕಡಿಮೆಯಾಗುತ್ತದೆ. ಇದು ಪುಕ್ಕಟೆ ಉಪಾಯ, ಕಿಟ್ ಕೊಳ್ಳುವ ಮೊದಲು ಮಾಡಿ ನೋಡಿ.

ಈಗ ಕಿಟ್ ವಿಷಯ. ಕಾಯಿಲ್ ಸ್ಪ್ರಿಂಗ್ ಒಳಗೆ ಕೂರುವ ಎರಡು ದಪ್ಪ ಗಾಳಿ ಚೀಲ, ಎರಡು ಸಪೂರ ಟ್ಯೂಬು, ನಂಬರ್ ಪ್ಲೇಟ್ ಹತ್ತಿರ ಎರಡು ವಾಲ್ವ್. ಇಷ್ಟೇ. ಹದಿನೈದು ಸಾವಿರದ ಆಸುಪಾಸು ಬಿತ್ತು. ಖಾಲಿ ಓಡಿಸುವಾಗಲೂ ಕನಿಷ್ಠ 5 ಪಿಎಸ್‌ಐ ಇರಲೇಬೇಕು, ಇಲ್ಲದಿದ್ದರೆ ಚೀಲ ಮಡಚಿ ಸ್ಪ್ರಿಂಗಿಗೆ ಸಿಕ್ಕಿಕೊಳ್ಳುತ್ತದೆ. ಗರಿಷ್ಠ 35. ನಾನು ಟ್ರೇಲರ್ ಕಟ್ಟಿದಾಗ 20ರ ಹತ್ತಿರ ಇಡುತ್ತೇನೆ, ಬಿಚ್ಚಿದ ಮೇಲೆ ಇಳಿಸುತ್ತೇನೆ. ಇಳಿಸದೆ ಖಾಲಿ ಕಾರು ಓಡಿಸಿದರೆ ಪ್ರತಿ ಹಂಪ್ ಸೊಂಟಕ್ಕೇ ಬಂದು ಮುಟ್ಟುತ್ತದೆ.

ಕುಸಿತಕ್ಕೆ ಇದು ಒಳ್ಳೆ ಮದ್ದು. ಮೊದಲು ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತಿತ್ತು, ಲಾರಿಯವರು ಡಿಪ್ ಹೊಡೆದು ಬೈಯುತ್ತಿದ್ದರು. ಈಗ ಕಾರು ನೆಟ್ಟಗೆ ನಿಲ್ಲುತ್ತದೆ. ಹಂಪ್ ದಾಟುವಾಗ ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ನೆಲಕ್ಕೆ ಉಜ್ಜುತ್ತಿದ್ದ ಕರ್ರ್ ಸದ್ದೂ ನಿಂತಿದೆ.

ಆದರೆ ಲಯದ ಕುಣಿತ? ಹಾಕಿಸಿದ ಮೇಲೂ ಹಾಗೇ ಇತ್ತು. ಮಾರಿದವರು "ರೈಡ್ ಪೂರಾ ಸ್ಮೂತ್ ಆಗುತ್ತೆ ಸರ್" ಎಂದಿದ್ದರು. ಸ್ಮೂತ್ ಆಗಲಿಲ್ಲ, ಎತ್ತರವಾಯಿತು ಅಷ್ಟೇ. ಉದ್ಯಮಬಾಗದಲ್ಲಿ ಟ್ರೇಲರ್ ಕೆಲಸ ಮಾಡುವ ಒಬ್ಬ ಮಿಸ್ತ್ರಿ ಕಾರಿನ ಕಡೆ ನೋಡಲೇ ಇಲ್ಲ. ನೇರ ಟ್ರೇಲರ್ ಹಿಂದೆ ಹೋಗಿ ಬಂಪರ್ ಮೇಲೆ ಹತ್ತಿ ಒಂದು ಸಲ ಜೋರಾಗಿ ಅದುಮಿ ಇಳಿದ. ಟ್ರೇಲರ್ ತೂಗುತ್ತಲೇ ಇತ್ತು. "ಸಾಹೇಬ್ರ, ಚೀಲ ಎತ್ತಿ ಹಿಡಿತೈತ್ರಿ. ಕುಣಿಯೂದು ನಿಲ್ಲಸೂದು ಶಾಕಪ್ ಕೆಲಸ. ನಿಮ್ಮ ಟ್ರೇಲರ್‌ಗೆ ಶಾಕಪ್ಪ ಇಲ್ಲಲ್ರಿ!"

ಮಾತು ಅಕ್ಷರಶಃ ನಿಜ. ಸ್ಪ್ರಿಂಗ್ ಏಟನ್ನು ನುಂಗಿ ವಾಪಸ್ ಕೊಡುತ್ತದೆ. ಆ ವಾಪಸ್ ಬಂದ ಶಕ್ತಿಯನ್ನು ಬಿಸಿಯಾಗಿ ಬದಲಿಸಿ ಕೊಲ್ಲುವುದು ಶಾಕ್ ಅಬ್ಸಾರ್ಬರ್, ಅಂದರೆ ಮಿಸ್ತ್ರಿ ಹೇಳಿದ ಶಾಕಪ್. ಏರ್ ಬ್ಯಾಗ್ ಕೂಡ ಒಂದು ಸ್ಪ್ರಿಂಗೇ. ಕಾರಿನ ಹಳೆ ಶಾಕಪ್ ಸೋತಿದ್ದರಂತೂ ಬ್ಯಾಗ್ ಹಾಕಿದ ಮೇಲೆ ಕುಣಿತ ಇನ್ನಷ್ಟು ಜಾಸ್ತಿಯಾಗುವ ಸಾಧ್ಯತೆಯೂ ಇದೆ, ಸ್ಪ್ರಿಂಗ್ ಗಟ್ಟಿಯಾಯಿತಲ್ಲ. ಇನ್ನು ಟ್ರೇಲರ್‌ಗಳು. ಬಹಳಷ್ಟು ಚಿಕ್ಕ ಟ್ರೇಲರ್‌ಗಳಲ್ಲಿ ಬರೀ ಪಾಟಾ (ಪ್ಲೇಟು ಜೋಡಿಸಿದ ಲೀಫ್ ಸ್ಪ್ರಿಂಗ್) ಇರುತ್ತದೆ, ಶಾಕಪ್ ಇರುವುದೇ ಇಲ್ಲ. ಪಾಟಾ ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಸ್ವಲ್ಪ ತಡೆ ಕೊಡುತ್ತವೆ. ಆ ಪ್ಲೇಟುಗಳ ನಡುವೆ ಗ್ರೀಸ್ ತುಂಬಿಸಿದರೆ ಇದ್ದ ತಡೆಯೂ ಹೋಯಿತು.

ಆ ಮಿಸ್ತ್ರಿಯೇ ಆಕ್ಸಲ್‌ಗೂ ಚಾಸಿಗೂ ನಡುವೆ ಬ್ರಾಕೆಟ್ ವೆಲ್ಡ್ ಮಾಡಿ ಎರಡು ಶಾಕಪ್ ಕೂರಿಸಿದ. ಪಿಕಪ್ ಗಾಡಿಗೆ ಬರುವ ಗಟ್ಟಿ ಶಾಕಪ್ ಬೇಡ ಅಂದ, ಭಾರಕ್ಕಿಂತ ಗಟ್ಟಿಯಾದರೆ ಏಟು ನೇರ ಬಾಡಿಗೆ ಬಡಿದು ರಿವೆಟ್ ಕೀಳುತ್ತದಂತೆ. ಹಗುರ ಗಾಡಿಯದು ತಂದ. ನಿಲ್ಲಿಸುವ ಕೋನದ ಬಗ್ಗೆಯೂ ಹಟ ಹಿಡಿದ. ಶಾಕಪ್ ಆದಷ್ಟೂ ನೆಟ್ಟಗೆ ನಿಲ್ಲಬೇಕು, ಅಡ್ಡ ಮಲಗಿಸಿದಷ್ಟೂ ಅದರ ಕಸುವು ಕಡಿಮೆ. ಮಜೂರಿ ಸೇರಿ ಖರ್ಚು ಏರ್ ಬ್ಯಾಗಿನ ಅರ್ಧದಷ್ಟು. ಮತ್ತೆ ಬಂಪರ್ ಅದುಮಿದರೆ ಟ್ರೇಲರ್ ಒಂದೇ ಸಲ ಎದ್ದು ಕೂತಿತು. ಲೋಕಾಪುರದ ದಾರಿಯಲ್ಲಿ ಅವ್ವ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದಳು. ಮೊದಲೆಲ್ಲ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು "ಸಾವಕಾಶ್ ಹೊಡಿಯೋ" ಅನ್ನುತ್ತಿದ್ದವಳು.

ಬ್ಯಾಗ್ ಮಾಡದ ಇನ್ನೊಂದು ಕೆಲಸವೂ ಗೊತ್ತಿರಲಿ. ಹಿಚ್ ಬಾಲ್ (ಟ್ರೇಲರ್ ಮೂತಿ ಕೂರುವ ಕೊಂಡಿಯ ಗುಂಡು) ಮೇಲೆ 70 ಕೆಜಿ ಕೂತರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 70 ಅಲ್ಲ. ಬಾಲ್ ಇರುವುದು ಚಕ್ರದಿಂದ ಹಿಂದಕ್ಕೆ. ನನ್ನ ಕಾರಿನಲ್ಲಿ ಆ ಅಂತರ ಸುಮಾರು 1.2 ಮೀಟರ್, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2.7 ಮೀಟರ್. ಲೆಕ್ಕ ಹಾಕಿದರೆ ಹಿಂದೆ 100 ಕೆಜಿ ಏರುತ್ತದೆ, ಮುಂದಿನ ಚಕ್ರಗಳಿಂದ 30 ಕೆಜಿ ಇಳಿಯುತ್ತದೆ. ಬ್ಯಾಗ್ ಹಿಂಭಾಗವನ್ನು ಎತ್ತಬಹುದು, ಆ 30 ಕೆಜಿಯನ್ನು ಮುಂದಕ್ಕೆ ತಂದುಕೊಡುವುದಿಲ್ಲ. ನನ್ನಂಥ ಹಗುರ ಟ್ರೇಲರ್‌ಗೆ ಇದು ದೊಡ್ಡ ವಿಷಯವಲ್ಲ. ಒಂದೂವರೆ ಟನ್ ಎಳೆಯುವವರು ಭಾರ ಹಂಚುವ ಹಿಚ್ ಬಗ್ಗೆ ಯೋಚಿಸಬೇಕು, ಅದೂ ಕಾರಿನ ಕಂಪನಿ ಅಷ್ಟು ಎಳೆಯಲು ಒಪ್ಪಿದ್ದರೆ ಮಾತ್ರ.

ಹಾಗಂತ ಬಾಲ್ ಮೇಲಿನ ಭಾರ ತೀರಾ ಕಡಿಮೆ ಮಾಡಲೂ ಆಗದು. ಒಟ್ಟು ತೂಕದ ನೂರಕ್ಕೆ ಹತ್ತರಷ್ಟಾದರೂ ಅಲ್ಲಿರಬೇಕು, ಇಲ್ಲದಿದ್ದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಅದು ಕುಣಿತಕ್ಕಿಂತ ಅಪಾಯ. ನನ್ನ ನೀರಿನ ಟ್ಯಾಂಕ್ ಆಕ್ಸಲ್‌ನಿಂದ ಒಂದು ಮೀಟರ್ ಹಿಂದಿದೆ, ಬಾಲ್‌ನಿಂದ ಆಕ್ಸಲ್‌ಗೆ ಮೂರು ಮೀಟರ್. ಟ್ಯಾಂಕ್ ತುಂಬಿಸಿದರೆ 60 ಕೆಜಿ ನೀರು ಬಾಲ್ ಮೇಲಿಂದ 20 ಕೆಜಿ ಎತ್ತಿಬಿಡುತ್ತದೆ. 70 ಇದ್ದದ್ದು 50. ಅದಕ್ಕೇ ಮನೆಯಿಂದ ಟ್ಯಾಂಕ್ ತುಂಬಿಸಿಕೊಂಡು ಹೊರಡುವುದಿಲ್ಲ, ಬಾದಾಮಿ ಮುಟ್ಟಿದ ಮೇಲೆ ತುಂಬಿಸುತ್ತೇವೆ. ಜೋಳದ ಹಿಟ್ಟು, ಸಿಲಿಂಡರ್, ಸ್ಟೆಪ್ನಿಯಂಥ ಭಾರದ ಸಾಮಾನು ಆಕ್ಸಲ್‌ಗೆ ಸ್ವಲ್ಪ ಮುಂದೆ, ನೆಲಕ್ಕೆ ಹತ್ತಿ ಇರುತ್ತದೆ.

ಟೈರಿನ ಗಾಳಿ ಬಗ್ಗೆ ಚಿಕ್ಕದಾಗಿ. ಪಂಕ್ಚರ್ ಅಂಗಡಿಯ ಹುಡುಗರು ಟ್ರೇಲರ್ ಕಂಡರೆ "ಲೋಡ್ ಗಾಡಿ" ಅಂತ ಟೈರಿನ ಪಕ್ಕದಲ್ಲಿ ಬರೆದಷ್ಟೂ ತುಂಬುತ್ತಾರೆ. ಅಲ್ಲಿ ಬರೆದಿರುವುದು ಗರಿಷ್ಠ ಭಾರಕ್ಕೆ ಬೇಕಾದ ಗಾಳಿ. ಟೈರ್ ಕಂಪನಿಯ ಲೋಡ್ ಚಾರ್ಟ್ ನೋಡಿ, ನಿಮ್ಮ ತೂಕಕ್ಕೆ ತಕ್ಕಷ್ಟು ಇಡಿ, ಟೈರ್ ತಣ್ಣಗಿದ್ದಾಗ ಅಳೆಯಿರಿ. ಕಟಕಟ ಅನ್ನುವ ಸಣ್ಣ ನಡುಕ ಇದರಿಂದಲೇ ಬಹಳ ಕಡಿಮೆಯಾಗುತ್ತದೆ.

ಇನ್ನು ಬ್ಯಾಗಿನ ಬಾಳಿಕೆ. ಒಂದೆರಡು ಮಳೆಗಾಲ ನೋಡಿದೆ, ಚೀಲ ಹರಿದಿಲ್ಲ. ಆದರೆ ಎರೆ ಮಣ್ಣಿನ ಕೆಸರು ಸ್ಪ್ರಿಂಗ್ ಒಳಗೆ ಹೋಗಿ ಕೂರುತ್ತದೆ. ಒಣಗಿದ ಮೇಲೆ ಇಟ್ಟಿಗೆ ಥರ ಗಟ್ಟಿ. ಜೊತೆಗೆ ಒಂದೆರಡು ಕಡಿ ಕಲ್ಲು ಸೇರಿಕೊಂಡರೆ ಗಾಡಿ ಕುಣಿದಾಗೆಲ್ಲ ಚೀಲದ ಮೈ ತಿಕ್ಕುತ್ತದೆ. ಬಲಗಡೆ ಚೀಲದ ಮೇಲೆ ಬೆರಳಗಲದ ಬಿಳಿ ಗೀಚು ಬಿದ್ದಿದೆ. ಕೆಸರಿನಲ್ಲಿ ಓಡಿಸಿ ಬಂದ ದಿನವೇ ಪೈಪ್ ಹಿಡಿದು ತೊಳೆಯಬೇಕು, ನಾಳೆ ಅಂದರೆ ಕೆತ್ತಿ ತೆಗೆಯಲು ಉಳಿಯೇ ಬೇಕು. ಟ್ಯೂಬು ಸೈಲೆನ್ಸರ್ ಹತ್ತಿರ ಹಾದುಹೋಗದ ಹಾಗೆ ಕಟ್ಟಿಸಿ. ಎಡಗಡೆ ಒಮ್ಮೆ ನಿಧಾನಕ್ಕೆ ಗಾಳಿ ಇಳಿಯುತ್ತಿತ್ತು. ಸೋಪಿನ ನೀರು ಹಚ್ಚಿದರೆ ವಾಲ್ವಿನ ಬಾಯಲ್ಲಿ ಗುಳ್ಳೆ ಬಂತು, ಸೈಕಲ್ ಅಂಗಡಿಯಲ್ಲಿ ವಾಲ್ವ್ ಪಿನ್ ಬದಲಿಸಿದರು, ಸರಿಹೋಯಿತು.

ಗಾಳಿ ತುಂಬಿಸಲು ಪೆಟ್ರೋಲ್ ಬಂಕಿನ ಕಂಪ್ರೆಸರ್ ಬಳಸಬೇಡಿ. ಚೀಲ ಚಿಕ್ಕದು, ಅರೆಕ್ಷಣದಲ್ಲಿ 35 ದಾಟುತ್ತದೆ. ಡಿಕ್ಕಿಯಲ್ಲಿ ಒಂದು ಸೈಕಲ್ ಪಂಪ್ ಇದ್ದರೆ ಸಾಕು. ಗೇಜ್ ಹಚ್ಚಿದಾಗೆಲ್ಲ ಒಂದೆರಡು ಪಿಎಸ್‌ಐ ಅಲ್ಲೇ ಹೋಗುತ್ತದೆ, ಗಾಬರಿ ಬೇಡ. ಕೊನೆಗೆ, ಕೂರಿಸುವವರು ಎರಡೂ ಚೀಲದ ಟ್ಯೂಬನ್ನು ಟಿ ಆಕಾರದ ತುಂಡಿನಲ್ಲಿ ಜೋಡಿಸಿ ಒಂದೇ ವಾಲ್ವ್ ಕೊಡುತ್ತೇವೆ ಅಂದರೆ ಒಪ್ಪಬೇಡಿ. ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಇನ್ನೊಂದು ಕಡೆಗೆ ಓಡಿಹೋಗಿ ಕಾರು ಇನ್ನೂ ವಾಲುತ್ತದೆ. ಗೋವಾಕ್ಕೆ ಇಳಿಯುವ ತಿರುವಿನ ದಾರಿ ಚೋರ್ಲಾ ಘಾಟಿನ ಕಡೆ ಹೋಗುವವರಂತೂ ಎರಡು ಬೇರೆ ವಾಲ್ವ್ ಕೇಳಿಯೇ ಹಾಕಿಸಿಕೊಳ್ಳಿ. ಖರ್ಚಿನಲ್ಲಿ ಏನೂ ದೊಡ್ಡ ವ್ಯತ್ಯಾಸ ಬರುವುದಿಲ್ಲ.